ಸಾಕಿದ ಮಗಳೋ, ದತ್ತು ಮಗಳೋ? ಗಡಿ ಮನೆಗಳಲ್ಲಿ ಬೆಳೆಯುವ ಹುಡುಗಿಯರ ಪ್ರಶ್ನೆ

ದತ್ತವಾಡ: ಕೊರೋನಾ ಬಂದು ಹೋಗಿ ವರ್ಷಗಳೇ ಆದವು. ಆಸ್ಪತ್ರೆಯ ಬಿಲ್ಲು, ಆಕ್ಸಿಜನ್ನಿಗಾಗಿ ಓಡಾಟ, ಲಾಕ್‌ಡೌನಿನಲ್ಲಿ ಮುಚ್ಚಿದ ಗಡಿ ಎಲ್ಲವೂ ಈಗ ಕಟ್ಟೆಯ ಮೇಲಿನ ಮಾತುಗಳಾಗಿ ಉಳಿದಿವೆ. ಆದರೆ ಆ ಎರಡು ವರ್ಷಗಳಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು ಮಾವನ ಮನೆಗೋ, ಚಿಕ್ಕಪ್ಪನ ಮನೆಗೋ, ಅಜ್ಜಿಯ ಮನೆಗೋ ಬಂದು ಸೇರಿದ ಮಕ್ಕಳ ಪಾಲಿಗೆ ಅದು ಮುಗಿದ ಕತೆಯಲ್ಲ. 2020ರ ಏಪ್ರಿಲ್‌ನಿಂದ 2022ರ ಜನವರಿ ನಡುವೆ ದೇಶದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು 10,094, ಒಬ್ಬರನ್ನು ಕಳೆದುಕೊಂಡವರು 1,36,910 ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಸಾವಿನ ಕಾರಣ ಕೊರೋನಾ ಇರಲಿ ಬೇರೆ ಇರಲಿ, ಆ ಅವಧಿಯ ಎಲ್ಲ ಮಕ್ಕಳೂ ಈ ಲೆಕ್ಕದಲ್ಲಿದ್ದರು.

ಆಗ ಹತ್ತು ವರ್ಷದವಳಾಗಿದ್ದ ಹುಡುಗಿ ಈಗ ಹದಿನೈದರ ಆಸುಪಾಸಿನಲ್ಲಿದ್ದಾಳೆ. ಇದೇ ಕಟ್ಟಕಡೆಯ ಗಡುವು. ಆಕೆ ಇರುವ ಮನೆಯಲ್ಲಿ ಆಕೆಯ ಸ್ಥಾನ ಏನು, ಮಗಳೋ, ನೆಂಟರ ಹುಡುಗಿಯೋ, ಮುಂದೆ ಸೊಸೆಯಾಗುವವಳೋ ಎಂಬುದನ್ನು ದೊಡ್ಡವರು ತೀರ್ಮಾನಿಸಬೇಕಾದ ವಯಸ್ಸು ಇದು. ಆದರೆ ನಮ್ಮ ಭಾಗದ ಬಹಳಷ್ಟು ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. "ನಮ್ಮ ಮನಿ ಹುಡುಗಿನೇ ಅಲ್ಲೇನು, ಅದಕ್ಕೆಂಥಾ ಕಾಗದ?" ಎನ್ನುವ ಒಂದು ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಮಾತು ಒಳ್ಳೆಯದೇ. ಆದರೆ ಆ ಮಾತಿನಿಂದ ಹುಡುಗಿಗೆ ಸಿಗುವುದೇನು, ಸಿಗದಿರುವುದೇನು ಎಂದು ನೋಡಬೇಕಾಗಿದೆ.

ನದಿಯ ಎರಡು ದಡ, ಒಂದೇ ಬಳಗ

ಶಿರೋಳ ತಾಲ್ಲೂಕಿನ ದತ್ತವಾಡದಿಂದ ದೂಧಗಂಗಾ ದಾಟಿದರೆ ಮಲಿಕವಾಡ, ಸದಲಗಾ. ಅಂದರೆ ಕರ್ನಾಟಕದ ಬೆಳಗಾವಿ ಜಿಲ್ಲೆ. ಮಳೆಗಾಲದಲ್ಲಿ ದತ್ತವಾಡ-ಮಲಿಕವಾಡ ಸೇತುವೆ ನೀರಲ್ಲಿ ಮುಳುಗಿದಾಗ ಮಾತ್ರ ಎರಡು ರಾಜ್ಯಗಳಿವೆ ಎಂಬುದು ನೆನಪಾಗುತ್ತದೆ. ಉಳಿದ ದಿನಗಳಲ್ಲಿ ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ ಎಲ್ಲ ಒಂದೇ. ಆದ್ದರಿಂದ ಒಂದು ಮನೆಯಲ್ಲಿ ಸಾವಾದಾಗ ಮಕ್ಕಳು ಈ ದಡದಿಂದ ಆ ದಡಕ್ಕೆ ಹೋಗುವುದು ಸಹಜ. ಇಚಲಕರಂಜಿಯ ಮಗ್ಗದ ಮನೆಯಿಂದ ಚಿಕ್ಕೋಡಿ ಕಡೆಯ ಅಜ್ಜಿಯ ಮನೆಗೆ ಅಥವಾ ಸದಲಗಾ ಕಡೆಯ ಹೊಲದ ಮನೆಯಿಂದ ದತ್ತವಾಡದ ಸೋದರಮಾವನ ಮನೆಗೆ ಹೋಗುವ ಮಗುವಿಗೆ ಅದು ಹತ್ತು ಮೈಲಿಯ ದಾರಿ ಇರಬಹುದು. ಆದರೆ ಅಷ್ಟರಲ್ಲೇ ರಾಜ್ಯ, ಶಾಲೆಯ ಭಾಷೆ, ಪರೀಕ್ಷಾ ಮಂಡಳಿ, ಸರಕಾರದ ಯೋಜನೆ, ಜಾತಿ ಪ್ರಮಾಣಪತ್ರ ಎಲ್ಲವೂ ಬದಲಾಗುತ್ತವೆ.

ಚಿಕ್ಕ ಮಗು ಇದನ್ನೆಲ್ಲ ಬೇಗ ಮರೆತು ಬೆರೆತುಹೋಗುತ್ತದೆ. ಹನ್ನೆರಡು-ಹದಿಮೂರು ದಾಟಿದ ಹುಡುಗಿ ಹಾಗಲ್ಲ. ಆಕೆಗೆ ಹಿಂದಿನ ಮನೆಯ ಪ್ರತಿಯೊಂದೂ ನೆನಪಿರುತ್ತದೆ.

ದತ್ತಕ ಎಂದರೆ ಗಂಡುಮಗನೇ ಎಂಬ ಕಾಲ

ಕೊಲ್ಹಾಪುರ ಜಿಲ್ಲೆಗೆ ದತ್ತಕ ಹೊಸ ವಿಷಯವಲ್ಲ. ಜಿಲ್ಲೆಯ ಜನ ಇಂದಿಗೂ ಅಭಿಮಾನದಿಂದ ನೆನೆಯುವ ರಾಜರ್ಷಿ ಶಾಹೂ ಮಹಾರಾಜರು ದತ್ತು ಮಗನೇ. ಕಾಗಲದ ಘಾಟಗೆ ಮನೆತನದಲ್ಲಿ 1874ರಲ್ಲಿ ಯಶವಂತರಾವ್ ಆಗಿ ಹುಟ್ಟಿದ ಬಾಲಕನನ್ನು 1884ರ ಮಾರ್ಚ್‌ನಲ್ಲಿ ರಾಣಿ ಆನಂದಿಬಾಯಿ ದತ್ತು ತೆಗೆದುಕೊಂಡರು. ಅವರನ್ನು ಹೆತ್ತ ತಾಯಿ ರಾಧಾಬಾಯಿ ಕನ್ನಡ ನಾಡಿನ ಮುಧೋಳ ಮನೆತನದವರು. ಹತ್ತನೇ ವಯಸ್ಸಿಗೆ ಹೆಸರು, ಮನೆ, ತಂದೆ ತಾಯಿ ಎಲ್ಲ ಬದಲಾದ ಆ ಬಾಲಕನಿಗೆ ಸಿಂಹಾಸನ, ಗುರುಗಳು, ಗೌರವ ಎಲ್ಲವೂ ಸಿಕ್ಕವು.

ಆದರೆ ಅದೇ ಕಾಲದಲ್ಲಿ ಹುಡುಗಿಯನ್ನು ದತ್ತು ತೆಗೆದುಕೊಳ್ಳುವುದನ್ನು ಶಾಸ್ತ್ರವೂ ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ, ನ್ಯಾಯಾಲಯವೂ ಒಪ್ಪುತ್ತಿರಲಿಲ್ಲ. ದತ್ತಕ ಇದ್ದದ್ದು ಪಿಂಡ ಹಾಕಲು, ವಂಶ ನಡೆಸಲು, ಆಸ್ತಿ ನೋಡಿಕೊಳ್ಳಲು. ಹೆಣ್ಣುಮಕ್ಕಳನ್ನು ದತ್ತು ಪಡೆಯುವ ರೂಢಿ ಇದ್ದ ಒಂದು ಕಡೆ ಎಂದರೆ ದೇವದಾಸಿ, ನಾಯಕಿಣಿಯರ ಮನೆಗಳು. ಅಲ್ಲಿ ಹುಡುಗಿಯನ್ನು ಮಗಳಾಗಿ ತಂದು ಅದೇ ವೃತ್ತಿಗೆ ಹಚ್ಚಲಾಗುತ್ತಿತ್ತು. 1880ರಲ್ಲಿ ಮಥುರಾ ನಾಯಕಿಣ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಅಂಥ ದತ್ತಕಕ್ಕೆ ಮಾನ್ಯತೆ ಇಲ್ಲ ಎಂದು ಹೇಳಿತು. ಗಡಹಿಂಗ್ಲಜ, ನಿಪ್ಪಾಣಿ, ಸವದತ್ತಿ ಭಾಗದ ಹಿರಿಯರಿಗೆ ಈ ಪದ್ಧತಿಯ ನೆರಳು ಗೊತ್ತಿಲ್ಲದ್ದೇನಲ್ಲ. ಕರ್ನಾಟಕ 1982ರಲ್ಲಿ, ಮಹಾರಾಷ್ಟ್ರ 2005ರಲ್ಲಿ ಇದರ ವಿರುದ್ಧ ಕಾಯ್ದೆ ಮಾಡಿದವು. ಬೆಳೆದ ಹುಡುಗಿಯನ್ನು ದತ್ತು ಪಡೆಯಲು ಬಂದವರನ್ನು ಇಂದಿಗೂ ಅಧಿಕಾರಿಗಳು ನೂರೆಂಟು ಪ್ರಶ್ನೆ ಕೇಳುವುದಕ್ಕೆ, ದತ್ತಕಕ್ಕಾಗಿ ಹಣ ಕೊಡುವುದು ಪಡೆಯುವುದು ಅಪರಾಧ ಎಂದು ಕಾನೂನು ಹೇಳುವುದಕ್ಕೆ ಹಿನ್ನೆಲೆಯಲ್ಲಿ ಇಂಥ ಇತಿಹಾಸ ಇದೆ. ಇದನ್ನು ಅವಮಾನ ಎಂದುಕೊಳ್ಳಬೇಕಾಗಿಲ್ಲ.

ಎಲ್ಲ ಹಿಂದೂ ಮನೆಗಳಲ್ಲಿ ಹೆಣ್ಣುಮಗಳನ್ನು ದತ್ತು ಪಡೆಯುವ ಬಾಗಿಲು ತೆರೆದದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಲಿಂಗಾಯತರು, ಜೈನರು, ಬೌದ್ಧರೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ.

ಸ್ಟ್ಯಾಂಪ್ ಕಾಗದದ ಭ್ರಮೆ

ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಅಂಗಡಿಯಲ್ಲಿ ಸ್ಟ್ಯಾಂಪ್ ಕಾಗದ ಕೊಂಡು, ನಾಲ್ಕು ಜನರ ಸಹಿ ಹಾಕಿಸಿ, ನೋಟರಿ ಮಾಡಿಸಿದರೆ ದತ್ತಕ ಆಯಿತು ಎಂದು ತಿಳಿದವರು ಬಹಳ ಜನ. ಕೊರೋನಾ ನಂತರದ ಮಕ್ಕಳ ವಿಷಯದಲ್ಲಿ ಇದು ದೊಡ್ಡ ತಪ್ಪು. 1956ರ ಕಾಯ್ದೆಯ ಪ್ರಕಾರ ಮಗುವನ್ನು ಕೊಡುವ ಅಧಿಕಾರ ಇರುವುದು ತಂದೆ ತಾಯಿಗೆ. ಇಬ್ಬರೂ ಇಲ್ಲದಿದ್ದರೆ ಪಾಲಕರು ನ್ಯಾಯಾಲಯದ ಪೂರ್ವಾನುಮತಿ ಪಡೆದೇ ಕೊಡಬೇಕು. ಆಗ ನ್ಯಾಯಾಲಯ ನೋಡುವ ಸಂಗತಿಗಳಲ್ಲಿ ಒಂದು, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಮಗುವಿನ ಇಚ್ಛೆ. ಅಜ್ಜ ಸಹಿ ಹಾಕಿದ, ಮಾವ ಸಹಿ ಹಾಕಿದ ಎಂದ ಮಾತ್ರಕ್ಕೆ ಅನಾಥ ಹುಡುಗಿಯ ದತ್ತಕ ಆಗುವುದಿಲ್ಲ.

ಇದೇ ಕಾಯ್ದೆಯಲ್ಲಿ ಇನ್ನೆರಡು ಗೋಡೆಗಳಿವೆ. ಒಂದು, ದತ್ತು ಹೋಗುವವರಿಗೆ ಹದಿನೈದು ವರ್ಷ ತುಂಬಿರಬಾರದು, ಮದುವೆ ಆಗಿರಬಾರದು. ಬೇರೆ ಪದ್ಧತಿ ರೂಢಿಯಲ್ಲಿದ್ದರೆ ಮಾತ್ರ ವಿನಾಯಿತಿ. ಹಳೆಯ ಬಾಂಬೆ ಪ್ರಾಂತದಲ್ಲಿ ಯಾವ ವಯಸ್ಸಿನವರನ್ನೂ ದತ್ತು ಪಡೆಯುವ ರೂಢಿ ಇತ್ತೆಂದು ನ್ಯಾಯಾಲಯಗಳು ಒಪ್ಪಿದ್ದುಂಟು. ಆದರೆ ಆ ರೂಢಿ ಬೆಳೆದದ್ದು ಗಂಡುಮಕ್ಕಳ ದತ್ತಕದ ಕಾಲದಲ್ಲಿ. ಹುಡುಗಿಯ ವಿಷಯದಲ್ಲಿ ಅದನ್ನೇ ನಂಬಿ ಕೂತರೆ ನಾಳೆ ಆಸ್ತಿಯ ತಕರಾರು ಬಂದಾಗ ಕಷ್ಟ. ಎರಡು, ಮನೆಯಲ್ಲಿ ಈಗಾಗಲೇ ಮಗಳು ಅಥವಾ ಮಗನ ಮಗಳು ಇದ್ದರೆ ಈ ಕಾಯ್ದೆಯಡಿ ಇನ್ನೊಬ್ಬ ಹುಡುಗಿಯನ್ನು ದತ್ತು ಪಡೆಯಲು ಬರುವುದಿಲ್ಲ. ಸ್ವಂತ ಮಗಳಿರುವ ಸೋದರಮಾವ ಎಷ್ಟೇ ಪ್ರೀತಿ ಇದ್ದರೂ ತಂಗಿಯ ಮಗಳನ್ನು ಈ ದಾರಿಯಲ್ಲಿ ಮಗಳನ್ನಾಗಿ ಮಾಡಿಕೊಳ್ಳಲಾರ.

ಎರಡನೇ ದಾರಿ 2015ರ ಬಾಲನ್ಯಾಯ ಕಾಯ್ದೆಯದು. ಇಲ್ಲಿ ಹದಿನೆಂಟು ವರ್ಷದವರೆಗೂ ದತ್ತು ಸಾಧ್ಯ. ಮನೆಯಲ್ಲಿ ಮಗಳಿದ್ದರೂ ಅಡ್ಡಿಯಿಲ್ಲ. ಚಿಕ್ಕಪ್ಪ ದೊಡ್ಡಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ ದೊಡ್ಡಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ ಇವರೆಲ್ಲ 'ಸಂಬಂಧಿಕರು' ಎಂಬ ನೆಲೆಯಲ್ಲಿ ದತ್ತು ಪಡೆಯಬಹುದು. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆ ಕಡ್ಡಾಯ. ಧರ್ಮದ ಅಡ್ಡಿ ಇಲ್ಲ. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ನಮ್ಮ ಊರುಗಳ ಮುಸ್ಲಿಂ ಕುಟುಂಬಗಳಿಗೂ ಈ ದಾರಿ ಇದೆ. ಒಂದು ನಿರ್ಬಂಧ ನೆನಪಿರಲಿ. ಒಂಟಿ ಗಂಡಸು ಹುಡುಗಿಯನ್ನು ದತ್ತು ಪಡೆಯುವಂತಿಲ್ಲ.

ದತ್ತು ಆದೇಶ ನೀಡುವ ಅಧಿಕಾರವನ್ನು 2021ರ ತಿದ್ದುಪಡಿ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗಾಯಿಸಿತು. 2022ರ ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು. ಈ ಬದಲಾವಣೆಯನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿತ್ತು. ಆದ್ದರಿಂದ ಅರ್ಜಿ ಎಲ್ಲಿ ಹಾಕಬೇಕು ಎಂಬುದನ್ನು ಪೇಟೆಯ ಏಜೆಂಟರಿಂದ ಕೇಳದೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲೇ ಕೇಳಿ ಹೆಜ್ಜೆ ಇಡುವುದು ಲೇಸು.

ಸೊಸೆ ಮಾಡಿಕೊಳ್ಳುವ ಲೆಕ್ಕ

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ನಮ್ಮ ಭಾಗದಲ್ಲಿ ಸೋದರಮಾವ-ಸೋದರಸೊಸೆ, ಅತ್ತೆಯ ಮಗ-ಮಾವನ ಮಗಳು ಸಂಬಂಧಗಳು ಹಿಂದಿನಿಂದ ನಡೆದು ಬಂದಿವೆ. ತಾಯಿ ತೀರಿಕೊಂಡ ಹುಡುಗಿಯನ್ನು ಸೋದರಮಾವ ಮನೆಗೆ ತಂದಾಗ ಊರವರ ಬಾಯಲ್ಲಿ ಮೊದಲು ಬರುವ ಮಾತು, "ಮುಂದ ನಿಮ್ಮ ಹುಡುಗಗೇ ತಂದುಕೊಳ್ಳಾಕ ಬರತೈತಿ". ತಮಾಷೆಗೆ ಹೇಳಿದ ಮಾತೇ ಇರಬಹುದು. ಆದರೆ ಹದಿಮೂರರ ಹುಡುಗಿಯ ಕಿವಿಗೆ ಅದು ತಮಾಷೆಯಾಗಿ ಕೇಳುವುದಿಲ್ಲ. ಒಂದೇ ಸೂರಿನಡಿ ಇರುವ ಹುಡುಗ ಅಣ್ಣನೋ, ಮುಂದೆ ಗಂಡನಾಗುವವನೋ ಎಂಬುದು ಗೊತ್ತಿಲ್ಲದೆ ಆಕೆ ಅವನೆದುರು ಊಟಕ್ಕೆ ಕೂರುವುದು ಹೇಗೆ, ಜಗಳವಾಡುವುದು ಹೇಗೆ, ನಗುವುದು ಹೇಗೆ?

ಕಾನೂನು ಇಲ್ಲಿ ಸ್ಪಷ್ಟ. ದತ್ತು ಆದ ಕ್ಷಣದಿಂದ ಆಕೆ ಆ ಮನೆಯ ಮಗಳು, ಮನೆಯ ಹುಡುಗ ಅಣ್ಣ ಅಥವಾ ತಮ್ಮ. ಮದುವೆಯ ಪ್ರಶ್ನೆಯೇ ಇಲ್ಲ. ಹುಟ್ಟಿದ ಮನೆಯ ನಿಷಿದ್ಧ ಸಂಬಂಧಗಳೂ ಹಾಗೆಯೇ ಉಳಿಯುತ್ತವೆ. 'ಸಾಕಿದ' ಹುಡುಗಿಗೆ ಈ ರಕ್ಷಣೆ ಇಲ್ಲ. ಕೆಲವು ಮನೆಗಳು ದತ್ತು ಕಾಗದಕ್ಕೆ ಕೈ ಹಾಕದಿರುವುದಕ್ಕೆ ಇದೇ ಕಾರಣ ಎಂದರೆ ಯಾರಿಗೂ ಸಿಟ್ಟು ಬರಬಾರದು. ಸೊಸೆ ಮಾಡಿಕೊಳ್ಳುವ ಆಸೆ ತಪ್ಪಲ್ಲದಿರಬಹುದು. ಆದರೆ ಹದಿನೆಂಟು ತುಂಬಿ, ಆಕೆ ತಾನಾಗಿ ಒಪ್ಪುವ ತನಕ ಆ ಮಾತು ಮನೆಯಲ್ಲಿ ಎದ್ದೇಳಬಾರದು. ಅನ್ನ ಹಾಕಿದವರ ಮಾತಿಗೆ 'ಒಲ್ಲೆ' ಎನ್ನುವ ಧೈರ್ಯ ಆ ವಯಸ್ಸಿನ ಯಾವ ಹುಡುಗಿಗೂ ಇರುವುದಿಲ್ಲ. ಅಂಥ ಒಪ್ಪಿಗೆ ಒಪ್ಪಿಗೆಯಲ್ಲ.

ಕುಂತಿಗೆ ಹೇಳಿಕೊಳ್ಳಲು ಯಾರಿದ್ದರು?

ಮಹಾಭಾರತ ಓದಿದವರಿಗೆ, ಬಯಲಾಟ ನೋಡಿದವರಿಗೆ ಒಬ್ಬ ದತ್ತು ಮಗಳ ಪರಿಚಯ ಇದ್ದೇ ಇದೆ. ಶೂರಸೇನನ ಮಗಳು ಪೃಥೆಯನ್ನು ಮಕ್ಕಳಿಲ್ಲದ ಬಂಧು ಕುಂತಿಭೋಜನಿಗೆ ಕೊಡಲಾಯಿತು. ಹೆಸರೇ ಬದಲಾಗಿ ಕುಂತಿಯಾದಳು. ಹೊಸ ಮನೆಯಲ್ಲಿ ಆಕೆಗೆ ಅನ್ನ ಬಟ್ಟೆಗೆ ಕೊರತೆ ಇರಲಿಲ್ಲ. ಆದರೆ ಮಹಾಕೋಪಿ ದುರ್ವಾಸರ ಸೇವೆಗೆ ನಿಲ್ಲಿಸಿದ್ದು ಆ ಹುಡುಗಿಯನ್ನೇ. ಮುಂದೆ ಕಷ್ಟ ಬಂದಾಗ ಆಕೆ ಸಾಕಿದ ತಂದೆಗೆ ಹೇಳಲಿಲ್ಲ, ಹೆತ್ತ ಮನೆಗೂ ಹೋಗಲಿಲ್ಲ. ಮಗುವನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಟ್ಟಳು. ಮುಪ್ಪಿನಲ್ಲಿ ಕೃಷ್ಣನ ಮುಂದೆ ಗೋಳಾಡುವಾಗಲೂ ಆಕೆ ಆಟವಾಡುವ ವಯಸ್ಸಿನಲ್ಲಿ ತನ್ನನ್ನು ಕೊಟ್ಟುಬಿಟ್ಟ ತಂದೆಯನ್ನೇ ದೂರುತ್ತಾಳೆ.

ಪುರಾಣದ ಮಾತು ಬಿಡಿ ಎನ್ನಬಹುದು. ಆದರೆ ಹದಿಹರೆಯದಲ್ಲಿ ಬೇರೆ ಮನೆ ಸೇರಿದ ಹುಡುಗಿಯರ ಮೂರು ಕಷ್ಟಗಳೂ ಅಲ್ಲಿವೆ. ಹೆಸರು ಬದಲಾಗುವುದು, ಕೆಲಸದಿಂದ ಋಣ ತೀರಿಸಬೇಕು ಎಂಬ ಭಾರ, ತಪ್ಪಾದರೆ ಹೇಳಿಕೊಳ್ಳಲು ಯಾರೂ ಇಲ್ಲದಿರುವುದು.

ಹೆಸರಿನ ವಿಷಯವನ್ನೇ ನೋಡಿ. ಮಹಾರಾಷ್ಟ್ರದಲ್ಲಿ ಹುಡುಗಿಯ ಹೆಸರಿನ ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಕರ್ನಾಟಕದ ಶಾಲೆಯಲ್ಲಿ ಬಹಳ ಮಕ್ಕಳ ತಂದೆಯ ಹೆಸರು ಒಂದು ಅಕ್ಷರದ ಇನಿಷಿಯಲ್ಲಿನಲ್ಲಿ ಮುಗಿಯುತ್ತದೆ. ದತ್ತು ಆದೇಶ ಬಂದ ಮೇಲೆ ಜನನ ಪ್ರಮಾಣಪತ್ರದಲ್ಲಿ ದತ್ತು ತಂದೆ ತಾಯಿಯ ಹೆಸರು ಬರುತ್ತದೆ. ದೊಡ್ಡವರಿಗೆ ಅದು ದಾಖಲೆಯ ಕೆಲಸ. ತೀರಿಹೋದ ಅಪ್ಪನ ಹೆಸರು ತನ್ನ ಹೆಸರಿನಿಂದ ಅಳಿಸಿಹೋಗುವುದನ್ನು ನೋಡುವ ಹುಡುಗಿಗೆ ಅದು ಎರಡನೇ ಸಾವು. ಹಾಗೆಂದು ಮಾಡಬಾರದು ಎಂದಲ್ಲ. ಮೊದಲು ಆಕೆಯೊಂದಿಗೆ ಕೂತು ಮಾತನಾಡಬೇಕು, ಹತ್ತನೆಯ ಪರೀಕ್ಷೆಯ ಅರ್ಜಿ ತುಂಬುವುದಕ್ಕೆ ಮುಂಚೆಯೇ ಮುಗಿಸಬೇಕು. ಹತ್ತನೆಯ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಆದರೆ ಮುಂದಿನ ಹತ್ತು ವರ್ಷ ಆಕೆ ಕಚೇರಿ ಅಲೆಯಬೇಕಾಗುತ್ತದೆ. ಹಳೆಯ ಮನೆಯ ಫೋಟೋ ಮಾತ್ರ ಗೋಡೆಯಿಂದ ಇಳಿಸಬೇಡಿ.

ಮಾಮಿಯನ್ನು ಆಯಿ ಎನ್ನಬೇಕೇ?

ಹೊಸ ಮನೆಗೆ ಬಂದ ಹದಿಹರೆಯದ ಹುಡುಗಿ ಮೊದಲ ಕೆಲವು ತಿಂಗಳು ಬಹಳ ಒಳ್ಳೆಯವಳಾಗಿರುತ್ತಾಳೆ. ಬೆಳಗ್ಗೆ ಮೊದಲು ಏಳುತ್ತಾಳೆ, ಕಸ ಗುಡಿಸುತ್ತಾಳೆ, ಬಡಿಸಿದಷ್ಟೇ ಉಣ್ಣುತ್ತಾಳೆ. "ಎಷ್ಟು ಚಂದ ಹೊಂದಿಕೊಂಡಾಳ" ಎಂದು ಮನೆಯವರು ಹಿಗ್ಗುತ್ತಾರೆ. ದತ್ತು ಮಕ್ಕಳೊಂದಿಗೆ ಕೆಲಸ ಮಾಡಿದ ಸಮಾಲೋಚಕರು ಹೇಳುವುದು ಬೇರೆ. ಇದು ಹೊಂದಾಣಿಕೆಯಲ್ಲ, ಅತಿಥಿಯ ನಡತೆ. ತಪ್ಪಿದರೆ ಇಲ್ಲಿಂದಲೂ ಕಳಿಸಿಬಿಟ್ಟಾರು ಎಂಬ ಭಯ. ಕೆಲವು ತಿಂಗಳ ಮೇಲೆ ಅದೇ ಹುಡುಗಿ ಎದುರು ಮಾತಾಡಲು, ಬಾಗಿಲು ಹಾಕಿಕೊಳ್ಳಲು, ಸುಳ್ಳು ಹೇಳಲು ಶುರುಮಾಡಿದಾಗ "ಬುದ್ಧಿ ತೋರಿಸಿದಳು" ಎನ್ನುತ್ತಾರೆ. ನಿಜದಲ್ಲಿ ಹೊಂದಾಣಿಕೆ ಆರಂಭವಾಗುವುದೇ ಅಲ್ಲಿಂದ. ನಾನು ಕೆಟ್ಟವಳಾದರೂ ಇವರು ನನ್ನನ್ನು ಇಟ್ಟುಕೊಳ್ಳುತ್ತಾರೋ ಎಂದು ಆಕೆ ಪರೀಕ್ಷೆ ಮಾಡುತ್ತಿರುತ್ತಾಳೆ. ಸ್ವಂತ ಮಗಳು ಸಿಟ್ಟು ಮಾಡಿದರೆ 'ವಯಸ್ಸು' ಎನ್ನುವವರು ಈಕೆ ಸಿಟ್ಟು ಮಾಡಿದರೆ 'ರಕ್ತ' ಎನ್ನುತ್ತಾರೆ. ಆ ಒಂದು ಪದ ವರ್ಷಗಟ್ಟಲೆ ಕಟ್ಟಿದ್ದನ್ನು ಒಡೆದುಹಾಕುತ್ತದೆ.

ಕರೆಯುವ ಪದವೂ ಹಾಗೆಯೇ. ನಿನ್ನೆಯವರೆಗೆ ಮಾಮಿ, ಕಾಕು ಎಂದು ಕರೆದವರನ್ನು ಇಂದಿನಿಂದ ಅವ್ವ, ಆಯಿ ಎನ್ನು ಎಂದು ಒತ್ತಾಯಿಸುವುದರಿಂದ ಪ್ರೀತಿ ಹೆಚ್ಚುವುದಿಲ್ಲ. ಎಷ್ಟೋ ಮಕ್ಕಳು ತಾವಾಗಿ ಕರೆಯುತ್ತಾರೆ, ಕೆಲವರು ಕೊನೆಯವರೆಗೂ ಮಾಮಿ ಎಂದೇ ಕರೆದು ಮಗಳಂತೆ ಇರುತ್ತಾರೆ. ಎರಡೂ ಸರಿ.

ತಡವಾಗಿ ಬಂದ ಮಕ್ಕಳು ಚೇತರಿಸಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗೆ ಹೊರಗಿನ ಒಂದು ಉದಾಹರಣೆ ಇದೆ. 1989ರಲ್ಲಿ ರುಮೇನಿಯಾದ ಸರಕಾರ ಉರುಳಿದಾಗ ಅಲ್ಲಿನ ಅನಾಥಾಲಯಗಳ ದುಸ್ಥಿತಿ ಜಗತ್ತಿಗೆ ಗೊತ್ತಾಯಿತು. ಬ್ರಿಟನ್ನಿನ ಕುಟುಂಬಗಳು ದತ್ತು ಪಡೆದ ಆ ಮಕ್ಕಳನ್ನು ಮೈಕೆಲ್ ರಟರ್ ಮತ್ತು ಅವರ ತಂಡ ದೊಡ್ಡವರಾಗುವವರೆಗೂ ಗಮನಿಸಿತು. ಅನಾಥಾಲಯದಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದ ಮಕ್ಕಳು ಹೆಚ್ಚಾಗಿ ಉಳಿದವರಂತೆಯೇ ಬೆಳೆದರು. ಹೆಚ್ಚು ಕಾಲ ಇದ್ದವರಲ್ಲಿ ಹಲವರಿಗೆ ತೊಂದರೆಗಳು ಉಳಿದವು, ಆದರೆ ಅವರಲ್ಲೂ ಕೆಲವರು ಚೆನ್ನಾಗಿಯೇ ಬದುಕಿದರು. ನಮ್ಮ ಭಾಗದ ಹುಡುಗಿಯರ ಸ್ಥಿತಿ ಅದಲ್ಲ. ಇವರು ತಂದೆ ತಾಯಿಯ ಪ್ರೀತಿ ಕಂಡು ಕಳೆದುಕೊಂಡವರು. ಪ್ರೀತಿ ಗೊತ್ತಿರುವುದು ಅವರ ಬಲ, ಕಳೆದುಕೊಂಡಿರುವುದು ಅವರ ನೋವು. ನೋವಿಗೆ ಜಾಗ ಕೊಟ್ಟ ಮನೆಯಲ್ಲಿ ಬಲವೂ ಹೊರಗೆ ಬರುತ್ತದೆ.

ಎರಡು ಲಿಪಿ, ಎರಡು ಮಂಡಳಿ

ಎಂಟನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಮರಾಠಿ ಶಾಲೆಗೆ ಬಂದರೆ ಮೊದಲ ವರ್ಷ ಹಿಂದೆ ಬೀಳುವುದು ಖಂಡಿತ. ಮನೆಯಲ್ಲಿ ಮರಾಠಿ ಮಾತಾಡಿ ಗೊತ್ತಿದ್ದರೂ ಇತಿಹಾಸ, ವಿಜ್ಞಾನದ ಮರಾಠಿ ಪದಗಳು ಗೊತ್ತಿರುವುದಿಲ್ಲ. ಕರ್ನಾಟಕದಲ್ಲಿ ಹಿಂದಿ ಕಲಿತಿದ್ದರೆ ದೇವನಾಗರಿ ಲಿಪಿ ಬರುತ್ತದೆ, ಅದೊಂದೇ ಅನುಕೂಲ. ಈ ಕಡೆಯಿಂದ ಆ ಕಡೆಗೆ ಹೋದವಳಿಗೆ ಕನ್ನಡ ಅಕ್ಷರವೇ ಹೊಸದು. ಒಂಬತ್ತು ಅಥವಾ ಹತ್ತನೆಯಲ್ಲಿ ಮಂಡಳಿ ಬದಲಿಸುವುದು ಸಾಧ್ಯವಾದಷ್ಟೂ ಬೇಡ. ಸೇತುವೆ ದಾಟಿ ಹಳೆಯ ಶಾಲೆಗೇ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿ, ಕಾಲೇಜಿಗೆ ಈ ಕಡೆ ಬಂದರೂ ನಡೆಯುತ್ತದೆ. ಹಿಂದೆ ಬಿದ್ದವಳನ್ನು ದಡ್ಡಿ ಎಂದು ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದರೆ ಮುಂದಿನ ಹೆಜ್ಜೆ ಬಾಲ್ಯವಿವಾಹ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ದತ್ತು ಮಗಳಿಗೂ ಸಾಕಿದ ಮಗಳಿಗೂ ಒಂದೇ.

ಜಾತಿ ಪ್ರಮಾಣಪತ್ರದ ತೊಡಕು ಬೇರೆ. ಮೀಸಲಾತಿ ಪಟ್ಟಿಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹುಟ್ಟಿದ ರಾಜ್ಯದ ದಾಖಲೆ ಕೈಯಲ್ಲಿರುವಾಗಲೇ ಎಲ್ಲ ಪ್ರತಿ ತೆಗೆದಿಟ್ಟುಕೊಳ್ಳಬೇಕು.

ಆಸ್ತಿ ಆಕೆಯದೇ

ಹುಡುಗಿಯನ್ನು ದತ್ತು ಕೊಟ್ಟರೆ ತೀರಿಹೋದ ಅಪ್ಪನ ಹೊಲ ಕೈತಪ್ಪುತ್ತದೆ ಎಂದು ಒಂದು ಕಡೆಯವರು, ದತ್ತು ತೆಗೆದುಕೊಂಡರೆ ಆ ಹೊಲ ನಮ್ಮದಾಗುತ್ತದೆ ಎಂದು ಇನ್ನೊಂದು ಕಡೆಯವರು ಲೆಕ್ಕ ಹಾಕುವುದುಂಟು. ಎರಡೂ ತಪ್ಪು. ದತ್ತು ಹೋಗುವ ಮುಂಚೆ ಆಕೆಗೆ ಬಂದ ಆಸ್ತಿ ದತ್ತು ಆದ ಮೇಲೂ ಆಕೆಯದೇ ಎಂದು 1956ರ ಕಾಯ್ದೆ ಹೇಳುತ್ತದೆ. ಅಪ್ಪ ಸತ್ತ ದಿನವೇ ಆಕೆಯ ಪಾಲು ಆಕೆಗೆ ಬಂದಿದೆ. ಅದನ್ನು ಪಾಲಕರು ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಸಾತಬಾರಾ ಉತಾರದಲ್ಲಿ ಅಥವಾ ಪಹಣಿಯಲ್ಲಿ ಆಕೆಯ ಹೆಸರು ಹಚ್ಚಿಸುವುದು.

ಕೊರೋನಾ ಪರಿಹಾರವೂ ಹಾಗೆಯೇ. ಇಬ್ಬರೂ ತೀರಿಕೊಂಡ ಮಕ್ಕಳಿಗೆ ಮಹಾರಾಷ್ಟ್ರ ಸರಕಾರ 2021ರಲ್ಲಿ 5 ಲಕ್ಷ ರೂಪಾಯಿಯ ಠೇವಣಿ ಘೋಷಿಸಿತು. ಕೇಂದ್ರದ ಪಿಎಂ ಕೇರ್ಸ್ ಯೋಜನೆಯಲ್ಲಿ 23ನೇ ವಯಸ್ಸಿಗೆ 10 ಲಕ್ಷ ಸಿಗುತ್ತದೆ. ಕರ್ನಾಟಕ ತಿಂಗಳಿಗೆ 3,500 ರೂಪಾಯಿಯ ಬಾಲಸೇವಾ ಯೋಜನೆ ತಂದಿತು. ಇದು ಸಾಕಿದವರ ಖರ್ಚಿಗೆ ಬಂದ ಬಹುಮಾನವಲ್ಲ, ಹುಡುಗಿಯ ಮುಂದಿನ ಬದುಕಿನ ಇಡುಗಂಟು. ಪಾಸ್‌ಬುಕ್ ಆಕೆಗೆ ತೋರಿಸುವ ಮನೆಯಲ್ಲಿ ಅನುಮಾನ ಹುಟ್ಟುವುದಿಲ್ಲ.

ಮರಳಿ ಕಳಿಸುವ ಕ್ರೌರ್ಯ

ದತ್ತು ಎಂದರೆ ಎಲ್ಲ ಸುಖಾಂತ್ಯವಲ್ಲ. 2014-15ರಿಂದ 2018-19ರವರೆಗಿನ ಐದು ವರ್ಷಗಳಲ್ಲಿ ದತ್ತು ಹೋದ 1,100ಕ್ಕೂ ಹೆಚ್ಚು ಮಕ್ಕಳನ್ನು ಕುಟುಂಬಗಳು ಮರಳಿ ಸಂಸ್ಥೆಗಳಿಗೆ ಕಳಿಸಿದವು ಎಂದು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ (ಕಾರಾ) ಮಾಹಿತಿ ಹಕ್ಕಿನಡಿ ತಿಳಿಸಿತ್ತು. ಅದರಲ್ಲಿ ಮಹಾರಾಷ್ಟ್ರದ್ದೇ 273, ಕರ್ನಾಟಕದ್ದು 60. 2014-15ರಲ್ಲಿ 387 ಇದ್ದ ಸಂಖ್ಯೆ 2018-19ರಲ್ಲಿ 133ಕ್ಕೆ ಇಳಿದದ್ದು ಸಮಾಧಾನದ ಸಂಗತಿ. ಆದರೆ ಇದು ಸಂಸ್ಥೆಗಳ ಲೆಕ್ಕ. ಕಾಗದವೇ ಇಲ್ಲದೆ ಮಾವನ ಮನೆಗೆ ಬಂದು, ಅಲ್ಲಿಂದ ಚಿಕ್ಕಮ್ಮನ ಮನೆಗೆ, ಅಲ್ಲಿಂದ ಹಾಸ್ಟೆಲಿಗೆ ಹೋದ ಹುಡುಗಿಯರನ್ನು ಯಾರೂ ಎಣಿಸುವುದಿಲ್ಲ. ದತ್ತು ಆದೇಶ ಇದ್ದರೆ ಕಳಿಸಲು ಉತ್ತರ ಕೊಡಬೇಕಾಗುತ್ತದೆ. ಆದೇಶದ ನಂತರ ಎರಡು ವರ್ಷ ಆರು ತಿಂಗಳಿಗೊಮ್ಮೆ ಮನೆಗೆ ಬಂದು ವಿಚಾರಿಸುವವರೂ ಇರುತ್ತಾರೆ.

2024-25ರಲ್ಲಿ ದೇಶದಲ್ಲಿ 4,515 ಮಕ್ಕಳು ದತ್ತು ಹೋದರು. ಕಾಯುವ ದಂಪತಿಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಆದರೆ ಹೆಚ್ಚಿನವರು ಕಾಯುವುದು ಎರಡು ವರ್ಷದೊಳಗಿನ ಕೂಸಿಗೆ. ಕೊಲ್ಹಾಪುರದ ಬಾಲಕಲ್ಯಾಣ ಸಂಕುಲದಂಥ ಸಂಸ್ಥೆಗಳಿರಲಿ, ಬೆಳಗಾವಿಯ ಸರಕಾರಿ ಬಾಲಕಿಯರ ಮಂದಿರವಿರಲಿ, ಹನ್ನೆರಡು ದಾಟಿದ ಹುಡುಗಿಯನ್ನು ಕೇಳಿಕೊಂಡು ಬರುವವರು ಎಲ್ಲೂ ವಿರಳ. ಹಾಗಾಗಿ ಬಂಧುಗಳ ಮನೆಯೇ ಆಕೆಗೆ ಇರುವ ನಿಜವಾದ ಮನೆ.

ಎಲ್ಲರೂ ದತ್ತೇ ಮಾಡಿಕೊಳ್ಳಬೇಕೆಂದಿಲ್ಲ

ಮುಪ್ಪಿನ ಅಜ್ಜಿ, ತುಂಬಿದ ಸಂಸಾರದ ಚಿಕ್ಕಪ್ಪ ಇವರಿಗೆ ದತ್ತು ಸರಿಹೋಗದಿರಬಹುದು. ಆಗ ನ್ಯಾಯಾಲಯದ ಮೂಲಕ ಕಾನೂನುಬದ್ಧ ಪಾಲಕರಾಗಬಹುದು. ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆಯಲ್ಲಿ ತಿಂಗಳಿಗೆ ಸಿಗುವ ನೆರವನ್ನು 2023ರಲ್ಲಿ 2,250 ರೂಪಾಯಿಗೆ ಏರಿಸಲಾಯಿತು. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಇದೆ. ದೂರದವರು ಆರು ವರ್ಷ ಮೇಲ್ಪಟ್ಟ ಮಗುವನ್ನು ಪೋಷಕ ಕುಟುಂಬವಾಗಿ ಸಾಕಿ, 2024ರ ಮಾರ್ಗಸೂಚಿಯಂತೆ ಎರಡು ವರ್ಷದ ನಂತರ ದತ್ತು ಪಡೆಯುವ ಅವಕಾಶವೂ ಇದೆ. ಕೆಲವು ನೆರವುಗಳು ಮಗು ಅನಾಥ ಎಂಬ ಆಧಾರದ ಮೇಲೆ ಸಿಗುವುದರಿಂದ ದತ್ತು ಆದೇಶಕ್ಕೆ ಮುಂಚೆ ಯಾವುದು ನಿಲ್ಲುತ್ತದೆ, ಯಾವುದು ಮುಂದುವರಿಯುತ್ತದೆ ಎಂದು ಕೇಳಿಕೊಳ್ಳಬೇಕು.

ಊರಿನವರೂ ಮಾಡಬಹುದಾದ ಕೆಲಸ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಕ್ಕಳ ರಕ್ಷಣಾ ಸಮಿತಿಗಳು ಕಾಗದದ ಮೇಲಾದರೂ ಇವೆ. ನದಿಯ ಎರಡೂ ದಡದ ಸಮಿತಿಗಳು ವರ್ಷಕ್ಕೊಮ್ಮೆ ಕೂತು, ತಮ್ಮ ಊರಿನಿಂದ ಯಾವ ಮಗು ಆಚೆ ಹೋಯಿತು, ಆಚೆಯಿಂದ ಯಾವ ಮಗು ಬಂತು, ಶಾಲೆಯಲ್ಲಿದೆಯೇ ಎಂದು ಲೆಕ್ಕ ಹಾಕಿಕೊಂಡರೆ ಸಾಕು. ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಈ ಮನೆಗಳೆಲ್ಲ ಗೊತ್ತು. ಮನೆಯಲ್ಲಿ ಹೇಳಲಾಗದ ಮಾತನ್ನು ಹೇಳಲು ಹುಡುಗಿಗೆ 1098 ಸಂಖ್ಯೆ ಬಾಯಿಪಾಠವಾಗಿರಬೇಕು.

ದತ್ತ ಎಂದರೆ ಕೊಟ್ಟದ್ದು. ಅತ್ರಿ ಮುನಿಗೆ ಕೊಟ್ಟ ಮಗನೇ ದತ್ತಾತ್ರೇಯ ಎಂದು ನರಸೋಬಾವಾಡಿಗೆ ಹೋಗಿ ಕೈಮುಗಿಯುವ ಎಲ್ಲರಿಗೂ ಗೊತ್ತು. ಅಲ್ಲಿ ದೇವರು ತನ್ನನ್ನೇ ತಾನು ಕೊಟ್ಟುಕೊಂಡ. ಆದರೆ ಈ ಹುಡುಗಿಯರನ್ನು ಕೊಟ್ಟವರು ಬೇರೆ, ಪಡೆದವರು ಬೇರೆ, ಹಲವು ಸಲ ಕೊಟ್ಟದ್ದು ಸಾವು. 'ನಿನಗೆ ಇಲ್ಲಿ ಇರಲು ಮನಸ್ಸಿದೆಯೇ?' ಎಂಬ ಪ್ರಶ್ನೆಯನ್ನು ಕಾನೂನು ಐದು ವರ್ಷದ ಮಗುವಿಗೇ ಕೇಳಬೇಕೆನ್ನುತ್ತದೆ. ಹದಿನಾಲ್ಕು ವರ್ಷದವಳಿಗೆ ಅದನ್ನು ಅಧಿಕಾರಿ ಕೇಳುವ ಮೊದಲು ಮನೆಯವರು ಕೇಳಲಿ. ಉತ್ತರಕ್ಕೆ ಕಾಯುವ ತಾಳ್ಮೆಯೂ ಇರಲಿ.